ವ್ಯಾಪ್ತಿ

ಹದಿನೇಳು ವರ್ಷ. ಕಣ್ಣು ಮುಚ್ಚಿಯೂ
ನನ್ನ ಬೆರಳು ಹೊಡೆಯಬಲ್ಲ ಸಾಲು ಒಂದೇ:
‘ಸದರಿ ದೂರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ.’

ಚಿಕ್ಕಮಗಳೂರಿನ ಈ ಕಚೇರಿ ಮೆಟ್ಟಿಲನ್ನು
ಅವಳು ಹತ್ತಿದ್ದು ಇದು ನಾಲ್ಕನೇ ಸಲ.
ಊರು ಕೊಕ್ರಝಾರ್ ಕಡೆ. ಮೂಡಿಗೆರೆಯ ತೋಟಕ್ಕೆ
ಹಣ್ಣು ಕೊಯ್ಯಲು ಬಂದು ಎರಡು ಮಳೆಗಾಲ.
ಸಂತೆಯಲ್ಲಿ ಅವಳನ್ನು ಕೂಗುವುದು ಚೈನಾ ಅಂತ.
ಹೋಟೆಲಿನಲ್ಲಿ ಅವಳ ಲೋಟ ಬೇರೆ,
ಕಿಟಕಿ ಸರಳಿಗೆ ದಾರ ಕಟ್ಟಿ ನೇತುಹಾಕಿದ್ದು.

ಫಾರಂ ತುಂಬಿಸಿದೆ.
ಧರ್ಮ, ಜಾತಿ, ಲಿಂಗ, ವಯಸ್ಸು,
ಅಂಗವೈಕಲ್ಯವಿದ್ದರೆ ಶೇಕಡಾ ಎಷ್ಟು.
ಮುಖಕ್ಕೆ ಕಾಲಂ ಇಲ್ಲ.
‘ಇತರೆ’ ಎಂಬಲ್ಲಿ ಅರ್ಧ ಗೆರೆ ಜಾಗ,
ಅಷ್ಟರಲ್ಲಿ ಅವಳ ಕಣ್ಣನ್ನು ಹೇಗೆ ಬರೆಯಲಿ?

ಕಾರ್ಮಿಕ ಇಲಾಖೆ ಬರೆಯಿತು: ಕೂಲಿ ಬಾಕಿ ಇಲ್ಲವಲ್ಲ.
ಪರಿಶಿಷ್ಟರ ಆಯೋಗ: ಆಕೆಯ ಪಂಗಡ ಅಸ್ಸಾಮಿನ ಪಟ್ಟಿಯಲ್ಲಿದೆ,
ನಮ್ಮದರಲ್ಲಿಲ್ಲ.
ಮಾನವ ಹಕ್ಕಿನವರು: ಹೋಟೆಲು ಖಾಸಗಿ.
ಗುವಾಹಟಿಯಿಂದ: ಘಟನೆ ನಡೆದದ್ದು ನಿಮ್ಮಲ್ಲಿ.
ಕಡತ ದಪ್ಪಗಾಯಿತು.
ದೂರು ಮಾತ್ರ ಅಷ್ಟೇ ಇತ್ತು,
ಒಂದು ಲೋಟದಷ್ಟು.

ಆ ಲೋಟದ ದಾರ ಎಡವಿದ್ದು ದ್ಯಾವೀರಯ್ಯನವರ ಕಾಲಿಗೆ.
ಪರಿಶಿಷ್ಟರ ಆಯೋಗದ ಆಸಾಮಿ, ನಿವೃತ್ತಿಗೆ ಎಂಟು ತಿಂಗಳು.
ಅವರಪ್ಪನ ತೆಂಗಿನ ಚಿಪ್ಪೂ
ಹೀಗೇ ಯಾರದೋ ಸೂರಿನ ಗಳಕ್ಕೆ ಸಿಕ್ಕಿಸಿದ್ದಂತೆ.
ತಾವೇ ಫೋನು ತಿರುಗಿಸಿದರು, ಒಂದೊಂದೇ ಕಚೇರಿಗೆ:
‘ನಿಮ್ಮ ಪಟ್ಟಿ ನೀವು ತನ್ನಿ, ನಮ್ಮ ಕಾಯಿದೆ ನಾವು ತರ್ತೀವಿ.
ಒಬ್ಬೊಬ್ಬರೇ ನೋಡಿದರೆ ಈಕೆ ಯಾರಿಗೂ ಕಾಣೋದಿಲ್ಲ.’

ಇವತ್ತು ಎಲ್ಲರಿಗೂ ಒಂದೇ ಮೇಜು.
ಕುರ್ಚಿ ಸಾಲದೆ ಪಕ್ಕದ ಮೀನುಗಾರಿಕೆ ಇಲಾಖೆಯಿಂದ
ಒಂದು ಎಳೆದು ತಂದೆ.
ಗುವಾಹಟಿಯ ಮೇಡಂ ನೀರಿನ ಜಗ್ಗಿಗೆ ಒರಗಿಸಿದ ಫೋನಿನೊಳಗೆ.
ಹೋಟೆಲಿನ ಯಜಮಾನ ತನ್ನ ಚಪ್ಪಲಿಯನ್ನೇ ನೋಡುತ್ತ
ಮೂಲೆಯಲ್ಲಿ.

ಮೊದಲ ಅರ್ಧ ಗಂಟೆ ಹೋದದ್ದು ಹೆಸರಿಗೇ.
ಒಂದು ಪತ್ರದಲ್ಲಿ ಮೀನಾ, ಇನ್ನೊಂದರಲ್ಲಿ ಮಯ್ನಾ,
ಮತ್ತೊಂದರಲ್ಲಿ ಬಸುಮತಿ ಬಿನ್ ಖಾಲಿ ಜಾಗ.
‘ದೂರು ಯಾರದು ಅನ್ನೋದನ್ನಾದರೂ
ಒಮ್ಮತದಿಂದ ಬರೆಯೋಣ’ ಅಂದರು ದ್ಯಾವೀರಯ್ಯ.
ಅವಳು ಹಳೇ ಕ್ಯಾಲೆಂಡರಿನ ಬೆನ್ನಿಗೆ
ನಾಗರಿಯಲ್ಲಿ ಬರೆದು ತಿರುಗಿಸಿದಳು.
ಜಗ್ಗಿನ ಪಕ್ಕದಿಂದ ದನಿ ತಿದ್ದಿತು:
ಕೊನೆಗೆ ತುಟಿ ಪೂರಾ ಮುಚ್ಚಬೇಡಿ.

ಹದಿನೇಳು ವರ್ಷದ ಬೆರಳು ತಡವರಿಸಿತು.
ಹೊಸಬಳ ಹಾಗೆ ಕೀಲಿ ಹುಡುಕಿ ಹುಡುಕಿ ಹೊಡೆದೆ:
ಮೈನಾವ್ ಬಸುಮತಾರಿ.

ಮುಂದಿನ ತಾರೀಖು ಇಪ್ಪತ್ತಮೂರು.
ಏನಾಗುತ್ತದೋ ಕಾಣೆ, ಯಜಮಾನನಿಗೆ ವಕೀಲ ಸಿಕ್ಕಿದ್ದಾನಂತೆ.
ಸಂಜೆ ಕುರ್ಚಿ ಕೇಳಿ ಮೀನುಗಾರಿಕೆಯವರು ಆಳು ಕಳಿಸಿದರು.
ಮತ್ತೆ ಬೇಕಾಗುತ್ತೆ ಅಂದೆ.
ಕೊಡಲಿಲ್ಲ.