ಔಡಲ ಹಿಂಡಿ

ಎಮ್ಮಿ ಅದಾವೇನ್ರಿ ಮನ್ಯಾಗ, ಅಂತ ಕೇಳಿದ್ದೆ.
ನಮ್ಮಪ್ಪನಿಂದ ಬಂದ ರೂಢಿ ಅದು.
ಔಡಲ ಹಿಂಡಿ ತೂಗೋಮುಂದ, ತಕ್ಕಡಿ ಮುಳ್ಳು ನಿಲ್ಲೂಕಿಂತ ಮೊದಲ,
ಎಮ್ಮಿ, ಆಕಳ, ಆಡು ಬಾಯಿ ಹಾಕಗೊಡಬ್ಯಾಡ್ರಿ
ಅಂತ ಹೇಳಿನ ಚೀಲದ ಬಾಯಿ ಕಟ್ಟಬೇಕು.
ಪಾಂಡುಸಾ ಬಾಕಳೆ ನಕ್ಕಿದ್ದ:
ಬೆಟಗೇರಿ ಗಲ್ಲ್ಯಾಗ ಎಮ್ಮಿ ಎಲ್ಲಿ ಕಟ್ಟಲಿ ಮಾರಾಯ,
ಖಾನಾವಳಿ ಹಿಂದ ನಾಕು ಡಬ್ಬಿ ಗುಲಾಬಿ ಅದಾವ,
ಅಷ್ಟ.

ಎರಡು ಕಿಲೋ ಹಿಂಡಿ, ಒಂದು ಕಿಲೋ ಎಲುಬಿನ ಪುಡಿ.
ಕೂಡಿಸಿ ಹಾಕ್ರಿ ಅಂದವ ನಾನ.
ಬುಡ ಸಡಲ ಮಾಡಿ, ಮ್ಯಾಲ ಮಣ್ಣು ಮುಚ್ಚಿ, ನೀರು ಬಿಡ್ರಿ,
ದಸರಾಕ್ಕ ಬಟ್ಟಲದಷ್ಟು ಹೂವು.

ನಾಯಿ ಐತೇನ್ರಿ ಅಂತ ಕೇಳಲಿಲ್ಲ.

ಐತಿ ಅಂತ ನನಗ ಗೊತ್ತಿತ್ತು.
ಶೇಂಗಾ ಅಂತ ಹೆಸರು, ಹುರಿದ ಶೇಂಗಾದ ಸಿಪ್ಪಿ ಬಣ್ಣ,
ಒಂದು ಕಿವಿ ನೆಟ್ಟಗ, ಇನ್ನೊಂದು ಮಡಚಿದ ಕರವಸ್ತ್ರ.
ಪ್ರತಿ ರವಿವಾರ ನಾ ಸಾವಜಿ ಊಟಕ್ಕ ಕೂತಾಗ
ಟೇಬಲ್ ಕೆಳಗ ಬಂದು ನನ್ನ ಮೊಣಕಾಲಿಗೆ ಗದ್ದ ಹಚ್ಚತಿತ್ತು.
ಖಾರ ತೊಳದು ಕೊಡ್ರಿ ಎಲುಬು, ಅಂತಿದ್ದಳು
ಒಲಿಮುಂದಿನಿಂದ ಅಂಬೂಬಾಯಿ.
ನನ್ನ ಕುಡಿಯೋ ನೀರಾಗ ಅದ್ದಿ ಕೊಡತಿದ್ದೆ.

ಅದರ ಲೆಕ್ಕದಾಗ
ಎಲುಬು ಅಂದ್ರ ಯಾರೋ ನೆನಸಿ ಕೊಟ್ಟದ್ದು.
ಮಣ್ಣಾಗ ಆ ವಾಸನಿ ಬಂದಾಗ
ತಾನ ಎಂದೋ ಹುಗಿದಿಟ್ಟು ಮರತದ್ದು ಅನಿಸಿರಬೇಕು.

ಮಂಗಳವಾರ ರಾತ್ರಿ ಕೆದರಿ ತಿಂತು.
ಬುಧವಾರ ಮಧ್ಯಾಹ್ನದ ತನಕ ಗಿರಾಕಿಗಳ ಚಪ್ಪಲಿ ಕಾಯ್ತಂತ.
ಈ ವಿಷಕ್ಕ ಅವಸರ ಇಲ್ಲ ಅಂದ್ರು ಡಾಕ್ಟರು, ಆಮ್ಯಾಗ.
ಸಂಜಿಗೆ ಜೊಲ್ಲು. ರಾತ್ರಿ ವಾಂತಿ.
ನಸುಕಿನ್ಯಾಗ ಅಂಗಳ ತೊಳಿಯಾಕ ಬಂದ ಅಂಬೂಬಾಯಿ
ನೆತ್ತರ ನೋಡಿ ಬಕೀಟು ಕೈಬಿಟ್ಟಳು.
ದನದ ದವಾಖಾನಿ ಕಿಟಕಿ ಸರಳಿಗೆ ಸಲಾಯಿನ್ ಕಟ್ಟಿದ್ರು.
ಏನು ತಿಂದೈತಿ?
ಏನಿಲ್ರಿ, ಗೊಬ್ಬರ, ಅಂದ ಪಾಂಡುಸಾ.
ಗೊಬ್ಬರಷ್ಟ.

ಟಾಂಗಾಕೂಟದ ಅಂಗಡ್ಯಾಗ ನನ್ನ ಫೋನು ಬಾರಿಸಿತು.
ಚೀಲದಾಗ ಏನಿತ್ತು ಅಂತ ಕೇಳಿದ.
ಸಿಟ್ಟಿನ್ಯಾಗ ಕೇಳಿದ್ರ ಚೊಲೋ ಇತ್ತು;
ಮಳಿ ಬರಬಹುದೇನು ಅಂತ ಕೇಳಿದಂಗ ಕೇಳಿದ.
ಉಳಿದ ಚೀಲ ಎಲ್ಲಾ ಹೊಳ್ಳಿಸಿ ಹೊಳ್ಳಿಸಿ ಓದಿದೆ:
ಒಂದು ಗುಲಾಬಿ ಚಿತ್ರ, ಸಾರಜನಕ ಇಷ್ಟು, ರಂಜಕ ಇಷ್ಟು,
ತಯಾರಾದ ತಾರೀಖು ಅಳಿಸಿ ಹೋಗಿತ್ತು.

ಶುಕ್ರವಾರ ಹೊತ್ತು ಮುಣಗೂದರಾಗ ಎಲ್ಲಾ ಮುಗೀತು.

ಎಮ್ಮಿಗೆ ಸಂತ್ಯಾಗ ದರ ಐತಿ.
ಅದಕ್ಕ ಎಮ್ಮಿ ಮಾತು ಅಪ್ಪನ ಬಾಯಾಗ ಇತ್ತು,
ಅವರಪ್ಪನ ಬಾಯಾಗನೂ ಇದ್ದೀತು.
ಮೊಣಕಾಲಿಗೆ ಗದ್ದ ಹಚ್ಚೂದಕ್ಕ ಯಾರು ದರ ಕಟ್ಟತಾರ?
ಅದರ ಬಗ್ಗೆ ಮನಿತನದಾಗ
ಒಂದು ಮಾತೂ ಉಳಿದು ಬಂದಿಲ್ಲ.

ಈಗ ಎಲ್ಲಾರಿಗೂ ಕೇಳತೇನಿ.
ನಾಯಿ? ಬೆಕ್ಕು? ಬೆಕ್ಕು ನಿಮ್ಮದಲ್ಲದಿದ್ರೂ ಬರ್ತೈತೇನು ಕಂಪೌಂಡ್ ಹಾರಿ?
ಬಸವನಹುಳದ ಗುಳಗಿ ತೌಡಿನಂಗ ಘಮ್ ಅಂತಾವ್ರಿ, ಎತ್ತರಕ್ಕ ಇಡ್ರಿ.
ಗಿರಾಕಿ ಗಡಿಯಾರ ನೋಡತಾರ.
ಒಬ್ಬಾಕಿ ಅಂದಳು, ಗೊಬ್ಬರ ಮಾರತೀಯೋ ಹೆಣ್ಣು ನೋಡಾಕ ಬಂದೀಯೋ.
ನಾನೂ ನಕ್ಕೆ. ಚೀಲದ ಮ್ಯಾಲ ಕರೇ ಪೆನ್ನಿಲೆ
ನಾಯಿ ಬರದೆ; ಕತ್ತಿ ಆತು.
ಕೆಳಗ 'ನಾಯಿ' ಅಂತ ಅಕ್ಷರದಾಗ ಬರದು ಕೊಟ್ಟೆ.

ಗುಲಾಬಿ ಬಿಟ್ಟಾವಂತ. ಬಟ್ಟಲದಷ್ಟ.

ಆರು ರವಿವಾರ ಆ ಕಡೆ ಹಾಯಲಿಲ್ಲ.
ಏಳನೇದಕ್ಕ ಹೋದೆ. ಅದ ಟೇಬಲ್ಲು, ಅದ ಕೆಂಪು ಎಸರು.
ಪಾಂಡುಸಾ ಗಲ್ಲೆದಾಗ ಕೂತು ನೋಟು ಎಣಸತಿದ್ದ,
ಬರ್ರಿ ಅಂದ, ಮತ್ತ ಮೊದಲಿನಿಂದ ಎಣಸಿದ.
ಉಂಡೆ. ಉಣ್ಣೂವಾಗ ಕೈಗೆ ಧ್ಯಾಸ ಇರೂದಿಲ್ಲ:
ಎಲುಬು ನೀರಿನ ಗ್ಲಾಸಿಗೆ ಅದ್ದಿ, ಖಾರ ಝಾಡಿಸಿ,
ಟೇಬಲ್ ಕೆಳಗ ಹಿಡದಿದ್ದೆ.

ಎಷ್ಟು ಹೊತ್ತು ಹಿಡದಿದ್ದೆನೋ.
ಅಂಬೂಬಾಯಿ ಬಂದಳು.
ಎಣ್ಣಿ ತೇಲತಿದ್ದ ಆ ಗ್ಲಾಸು ತಗೊಂಡು
ಬ್ಯಾರೆ ನೀರು ಇಟ್ಟು ಹೋದಳು.