ಕಿವಿಯಂಗಡಿ

ಮಂಡ್ಯ ಬಿಟ್ಟು ಬಸರಾಳು ಮುಟ್ಟುವಷ್ಟರಲ್ಲಿ
ನನ್ನ ಎಡಗಿವಿಯನ್ನು ಮೂವರಾದರೂ ನೋಡಿರುತ್ತಾರೆ.
ಬಲಗಿವಿ ಆಚೆ ಸೀಟಿನವರಿಗೆ.
ಮೆಷಿನ್ನು ಕಿರ್ರೆಂದು ಚೀಟಿ ಉಗುಳುವಾಗ
ಸ್ವಲ್ಪ ಬಾಗುತ್ತೇನೆ,
ಬೇಕೆಂದೇ ಬಾಗುತ್ತೇನೆ, ಸುಳ್ಳು ಯಾಕೆ,
ಜುಮುಕಿ ಆಡಲಿ ಎಂದು.

"ಎಲ್ಲಿ ತಕಂಡ್ರಿ ಕಂಡಕ್ಟ್ರಮ್ಮ?"
ಒಬ್ಬಳು ಕೇಳಿದರೆ ಸಾಕು,
ಇನ್ನಿಬ್ಬರು ಕತ್ತು ಚಾಚುತ್ತಾರೆ.
"ಮನೇಲಿ ಮಾಡಿದ್ದು."
"ಯಾರ ಮನೇಲಿ?"
"ನಮ್ಮನೇಲೇ ಕಣವ್ವ, ಈ ಕೈಯಲ್ಲೇ."
ಆಗ ಓಲೆ ಬಿಟ್ಟು ಕೈ ನೋಡುತ್ತಾರೆ:
ಬೆರಳ ತುದಿಗೆ ಚಿಲ್ಲರೆಯ ಕಪ್ಪು,
ಉಗುರ ಸಂದಿಗೆ ನಾಲೆಯ ಮಣ್ಣು.
ನಂಬಿದರೋ ಇಲ್ಲವೋ.

ಬಸ್ಸಲ್ಲಿ ಮಾರುವ ಹಾಗಿಲ್ಲ.
ಡ್ರೈವರ್ ಬೋರಯ್ಯ ಕನ್ನಡಿಯೊಳಗೆ ಹುಬ್ಬೇರಿಸುತ್ತಾನೆ,
"ಚೆಕಿಂಗ್ ಬಂದ್ರೆ ಕೆಲ್ಸನೂ ಹೋಯ್ತದೆ, ಕಿವೀದೂ ಹೋಯ್ತದೆ."
ಅದಕ್ಕೇ ನಂಬರು ಮಾತ್ರ ಹೇಳುತ್ತೇನೆ.
ಸೊನ್ನೆ ರೂಪಾಯಿಯ ಟಿಕೆಟ್ಟಿನ ಬೆನ್ನ ಮೇಲೆ
ನನ್ನ ಹತ್ತು ಅಂಕಿ ಬರೆದುಕೊಂಡು
ರವಿಕೆಯೊಳಗೆ ಮಡಚಿಡುತ್ತಾರೆ.
ನೂರರಲ್ಲಿ ಆರು ಚೀಟಿ ಫೋನು ಮಾಡುತ್ತವೆ.
ಉಳಿದವು ಒಗೆತಕ್ಕೆ ಹೋಗುತ್ತವೆ.

ಇದಕ್ಕೆ ಮುಂಚೆ ಏನೇನೋ ಮಾಡಿ ಬಿಟ್ಟಾಯಿತು.
ಪೇಟೆ ಬೀದಿಯ ಫ್ಯಾನ್ಸಿ ಸ್ಟೋರಿನವನು
ನೂರಕ್ಕೆ ನಲವತ್ತು ತನಗೆಂದ,
ಹೇರ್‌ಬ್ಯಾಂಡುಗಳ ಹಿಂದೆ ನೇತುಹಾಕಿದ,
ಮೂರು ತಿಂಗಳಾದ ಮೇಲೆ
ಧೂಳಿನ ಸಮೇತ ಲೆಕ್ಕ ಒಪ್ಪಿಸಿದ.
ಮೈಸೂರಲ್ಲಿ ಒಂದು ಭಾನುವಾರ
ಮೇಜಿನ ಬಾಡಿಗೆ ಎಂಟುನೂರು,
ವ್ಯಾಪಾರ ಏಳುನೂರ ಇಪ್ಪತ್ತು.
ಪಕ್ಕದ ಮೇಜಿನ ಹುಡುಗಿ ಮರುಗಿ ಹೇಳಿಕೊಟ್ಟಳು,
"ಆಂಟಿ, ಮಣ್ಣು ಅನ್ಬೇಡಿ, ಟೆರ್ರಾಕೋಟಾ ಅನ್ನಿ."
ಅಂದೆ. ಎರಡು ಜೊತೆ ಹೋದವು.
ಬಾಯಿಗೆ ಮಾತ್ರ ಒಗ್ಗಲಿಲ್ಲ.

ವಾರದ ರಜೆಯ ಹಿಂದಿನ ರಾತ್ರಿ
ಹಳೇ ಪಂಚೆಯಲ್ಲಿ ಸೋಸಿಟ್ಟ ಮಣ್ಣು,
ಮಗಳ ಕಂಪಾಸಿನ ಮುಳ್ಳು, ಸೈಕಲ್ಲಿನ ಒಂದು ಕಡ್ಡಿ.
ನೆರಳಲ್ಲಿ ಆರಿದ ಮೇಲೆ
ಭತ್ತದ ಹೊಟ್ಟಿನ ಕೆಂಡದೊಳಗೆ ಹೂಳುತ್ತೇನೆ.
ಹತ್ತರಲ್ಲಿ ಎರಡು ಸಿಡಿಯುತ್ತವೆ.
ಟಪ್ ಅನ್ನುವ ಆ ಸದ್ದನ್ನು
ಯಾವುದರ ಬೆಲೆಗೆ ಸೇರಿಸಲಿ?
ಕೊಕ್ಕೆ ಮೂರು ರೂಪಾಯಿ, ಬಣ್ಣ ಎರಡು,
ನಿದ್ದೆ ಎಷ್ಟು?

ಮೊನ್ನೆ ಬಸರಾಳಲ್ಲಿ ಹತ್ತಿದ ಅಜ್ಜಿ
ಕಣ್ಣು ಕಿರಿದು ಮಾಡಿ ಬೆಲೆ ಕೇಳಿತು.
"ಮಣ್ಗೂ ನೂರಿಪ್ಪತ್ತಾ ಮಗ?"
ನಾನೂ ಬಿಡಲಿಲ್ಲ.
"ಹೈವೇ ಪಕ್ಕ ಗುಂಟೆಗೆ ಲಕ್ಷ ಲಕ್ಷ ಎಣಿಸ್ತಾರಲ್ಲಜ್ಜಿ,
ಅದೇನು, ಮಣ್ಣಲ್ವಾ?"
ಬಸ್ಸು ನಕ್ಕಿತು. ಅಜ್ಜಿ ನಗಲಿಲ್ಲ.
ಆಮೇಲೆ ಚಿಲ್ಲರೆ ಎಣಿಸುವಾಗ
ಎರಡು ಸಲ ತಪ್ಪಿದೆ.

ಇಳಿಯುವಾಗ ಮೆಟ್ಟಿಲ ಮೇಲೆ ನಿಂತು
ಸೆರಗು ಸರಿಸಿ ತೋರಿಸಿತು.
ಒಂದು ಕಿವಿಯ ಹಾಲೆ ಇಬ್ಭಾಗ,
ಯಾವ ಕಾಲದ ಯಾವ ಚಿನ್ನದ ಭಾರವೋ.
"ಇದು ಹರ್ದೋಗದೆ. ಆ ಕಡೇದು ಹಗೂರದ್ದು ತಡಕತದೆ.
ಒಂದೇ ಕೊಡು."

ಒಂದೇ ಹೇಗೆ ಕೊಡುವುದು, ಯಾರೂ ಕೇಳಿರಲಿಲ್ಲ.
ಸೀಟಿ ಬಾಯಲ್ಲೇ ಇತ್ತು.
ಎಡಗಿವಿಯದನ್ನು ಬಿಚ್ಚಿದೆ.
ನೆಲಕ್ಕಿಳಿದ ಮೇಲೆ ಕೊಟ್ಟರೆ
ಬಸ್ಸಲ್ಲಿ ಕೊಟ್ಟ ಹಾಗಲ್ಲ ಎಂದುಕೊಂಡು
ಅವಳ ಹಿಂದೆ ನಾನೂ ಇಳಿದೆ.
ಗಂಟು ಬಿಚ್ಚಿ ಅರವತ್ತು ಎಣಿಸಿತು,
ಎಲ್ಲ ನಾಣ್ಯ,
ಒಂದೊಂದನ್ನೂ ನನ್ನ ಅಂಗೈಯಲ್ಲಿ ಒತ್ತಿ.

"ಏನಾಯ್ತು ವ್ಯಾಪಾರ?" ಬೋರಯ್ಯ ಕೇಳಿದ.
"ಅರ್ಧ ಟಿಕೆಟ್ಟು" ಅಂದೆ.
ರೈಟ್ ಹೇಳಿದೆ.

ವಾಪಸ್ಸು ಬರುವಾಗ
ಜುಮುಕಿಯನ್ನು ಯಾರೂ ಕೇಳಲಿಲ್ಲ.
ಬರೀ ಕಿವಿಯನ್ನು ಕೇಳಿದವರೇ ಐದು ಜನ.