ತಳದ ಸಾಲು

ಹನ್ನೊಂದು ವರ್ಷ ನಾನು ಬೆಟಗೇರಿಯ ಪ್ರೆಸ್ಸಿನಾಗ
ಅಚ್ಚಿನ ಮೊಳಿ ಬಿಡಿಸಿದಾಕಿ.
ಅಚ್ಚಾದ ಮಾತನ್ನ ಚಿಮಣಿ ಎಣ್ಣಿಯಾಗ ತೊಳದು
ಒಂದೊಂದ ಅಕ್ಷರ ಅದರದರ ಖಾನೆಗೆ ವಾಪಸ್ ಹಾಕೂದು.
ಮದುವಿ ಕಾರ್ಡಿನ 'ಶ್ರೀ' ಸಂಜಿಕೆ
ತಿಥಿ ಕಾರ್ಡಿಗೆ ಹೋಗತಿತ್ತು. ಅದಕ್ಕೇನೂ ಬ್ಯಾಸರ ಇರಲಿಲ್ಲ.

ಸೀಸದ ಅಕ್ಷರ ಎಲ್ಲಾ ಉಲ್ಟಾ.
ಉಲ್ಟಾ ಇದ್ದದ್ದನ್ನ ನೆಟ್ಟಗ ಓದೂದು ಕೈಗೇ ಗೊತ್ತಿತ್ತು.
ಈಗ ಫೋನಿನಾಗ ಎಲ್ಲಾ ನೆಟ್ಟಗ ಬರತಾವು,
ಓದಿ ಮುಗಿಸಿದ ಮ್ಯಾಲೆ
ನಾನ ಉಲ್ಟಾ ಆಗಿರತೀನಿ.

ನಗರಸಭಾ ಇಲೆಕ್ಷನ್ ಬಂತಂದ್ರ ಆಗ ಹ್ಯಾಂಡಬಿಲ್ಲಿನ ಸುಗ್ಗಿ.
ನಮ್ಮಲ್ಲಿ 'ಳ'ದ ಒತ್ತು ಇದ್ದದ್ದು ಇಪ್ಪತ್ತೆರಡು.
ಎದುರಿನವರನ್ನ ಎಷ್ಟ ಸಲ ಸುಳ್ಳ, ಕಳ್ಳ ಅಂತ ಬರಕೊಂಡ ಬಂದ್ರೂ
ಇಪ್ಪತ್ಮೂರನೇದಕ್ಕ ಗೌಸಸಾಬ್ರು ಕೈ ಎತ್ತತಿದ್ರು:
"ಒತ್ತು ಮುಗದಾವ್ರಿ. ಇನ್ನೂ ಬೈಯೂದಿದ್ರ ನಾಳೆ ಬರ್ರಿ."
ನಾಳೆ ಅನ್ನೂದರಾಗ ಸಿಟ್ಟು ಇಳದಿರತಿತ್ತು.
ಪೂರ್ತಿ ಅಲ್ಲ, ಅರ್ಧ.

ಮತ್ತ ಪ್ರತಿ ಹಾಳಿಯ ತಳಕ್ಕ
ಇರುವಿಯಂಥ ಅಕ್ಷರದಾಗ ಒಂದು ಸಾಲು:
ಮುದ್ರಕರು ಇಂಥವರು, ಪ್ರಕಾಶಕರು ಇಂಥವರು, ಪ್ರತಿ ೫೦೦.
ಆ ಸಾಲು ಹಿಡಕೊಂಡ ಒಮ್ಮೆ ಬಂಡೆಪ್ಪ ಗಾಣಿಗೇರ
ಬಡಿಗಿ ತಗೊಂಡ ಬಂದ.
ಟ್ರೆಡಲ್ ನಿಲ್ಲಿಸಿದ್ವಿ. ಚಹಾ ತರಿಸಿದ್ವಿ.
ಸಂಜಿಯೊಳಗ ಗುಲಾಬಿ ಹಾಳಿಮ್ಯಾಲೆ ಅವನ ಉತ್ತರಾನೂ ಅಚ್ಚಾತು,
ಅದೂ ಐದನೂರು. ರೊಕ್ಕ ಮಾತ್ರ ಇನ್ನೂ ಕೊಟ್ಟಿಲ್ಲ.

ಓಟಿನ ಹಿಂದಿನ ರಾತ್ರಿ ಈ ಸಲ
ಮುನ್ನೂರಾ ಹನ್ನೆರಡು ಮೆಸೇಜು.
ಒಂದರಾಗ ನಮ್ಮ ವಾರ್ಡಿಗೆ ನಿಂತ ವಿಮಲಾ ಟೀಚರು
ಮಕ್ಕಳ ಅಕ್ಕಿ ಮಾರಿ ಬಳಿ ಮಾಡಿಸಿಕೊಂಡಾರಂತ,
ಬಳಿಯ ಫೋಟೋ ಸಮೇತ.
ಬೆರಳಿಂದ ಸರಸಿದೆ, ತಳ ನೋಡಾಕ.
ಸರಸಿದೆ. ಸರಸಿದೆ.
ತಳಾನ ಇಲ್ಲ ಆ ಹಾಳಿಗೆ.

ಲಕ್ಕುಂಡಿ ತಂಗಿ ಕಳಿಸಿದಳು, ಹಾಲಿನ ಹುಡುಗ ಕಳಿಸಿದ,
ಭಜನಿ ಗುಂಪಿನಾಗ ಆರು ಸಲ ಬಂತು.
ತಂಗಿಗೆ ಫೋನ್ ಹಚ್ಚಿ ಕೇಳಿದೆ, ಯಾರ ಅಚ್ಚು ಹಾಕಿದ್ದಿದು?
"ಅಚ್ಚು ಎಲ್ಲಿಂದ ಬಂತಕ್ಕಾ, ಎಲ್ಲಾರೂ ಕಳಸಾತಾರ."
ಮೊಣಕಾಲ ಬ್ಯಾನಿ ಅಂತ ಆಕಿ ಮುಂದ ಒಮ್ಮೆ ಅಂದಿದ್ದಕ್ಕ
ಎಣ್ಣಿ ಮಾರವರು ತಿಂಗಳಿಂದ ಬೆನ್ನ ಹತ್ಯಾರ.
ನನ್ನ ಕಾಲು ಗೊತ್ತೈತಿ ಅವರಿಗೆ,
ಅಂಜಿಕಿನೂ ಗೊತ್ತಿರಬೇಕು.
ಯಾವ ಖಾನೆಯಾಗ ಹಾಕ್ಯಾರೋ ನನ್ನ.

ಮುಂಜಾನೆ ಶಾಲಿ ಖೋಲಿಯಾಗ ಬಟನ್ನಿನ ಮುಂದ ನಿಂತೆ.
ಟೀಚರ ಹೆಸರು ಎರಡನೇದು.
ಬೆರಳು ಎತ್ತಿದೆ, ಬಳಿ ಕಣ್ಣಿಗೆ ಬಂತು.
ಸುಳ್ಳ ಇರಬಹುದು. ಬಳಿ ಮಾತ್ರ
ಖರೇನ ಹೊಳೀತಿತ್ತು.
ತಡ ಆತಂತ ಹೊರಗ ಸಾಹೇಬ್ರು ಕೆಮ್ಮಿದ್ರು.

ಆಗ ಹತ್ತೂ ಬೆರಳಿಗೆ ಮಸಿ.
ಈಗ ಒಂದಕ್ಕ, ಎಡಗೈದು.
ಇಡೀ ಊರಾಗ
ಯಾರು ಹಚ್ಚಿದ್ರಂತ ಗೊತ್ತಿರೂ ಮಸಿ ಇದೊಂದ ಉಳದಂಗೈತಿ.
ಹಳೇ ರೂಢಿ, ಸೆರಗಿಂದ ಒರಸಿ ನೋಡಿದೆ.
ಹೋಗಲಿಲ್ಲ.